ಸೊಪ್ಪಿನ ಬೆಟ್ಟ ಮತ್ತು ಅದರ ವಿದ್ಯೆ

ನಮ್ಮ ಶಾಲೆಯ ಮಕ್ಕಳಲ್ಲಿ ಉತ್ತರ ಕನ್ನಡ ಜಿಲ್ಲೆಯ ಕಡೆಯವರು ಹಲವರುಂಟು. ಅಜ್ಜನ ಮನೆ ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಕಡೆಯಿದ್ದರೆ, ಕಣಿವೆಯಲ್ಲಿ ಅಡಿಕೆಯ ತೋಟವನ್ನೂ ಅದರ ಮೇಲ್ಗಡೆ ಮರಗಳಿಂದ ತುಂಬಿದ ಇಳಿಜಾರನ್ನೂ ಅವರು ಕಂಡಿರಲೇಬೇಕು. ಆ ಇಳಿಜಾರೇ ಸೊಪ್ಪಿನ ಬೆಟ್ಟ. ಇಂಥ ಸಣ್ಣ ಕಾಡೊಂದು ಕೈಯಲ್ಲಿರುವ ರೈತನು ಅದನ್ನು ಕೆಡಿಸದೆ ಬಳಸುವ ವಿದ್ಯೆಯನ್ನು ಎಲ್ಲಿ, ಯಾರಿಂದ ಕಲಿಯಬೇಕೆಂಬುದನ್ನು ಇಲ್ಲಿ ವಿಚಾರಿಸೋಣ.

ಈ ವಿಷಯಕ್ಕೂ ಮುಂಬಯಿಗೂ ಹಳೆಯ ನಂಟಿದೆ. 1862ರಿಂದ 1956ರವರೆಗೆ ಆ ಜಿಲ್ಲೆಯು ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಕಾಡೆಲ್ಲವನ್ನೂ ತನ್ನದೆಂದು ಸಾರಿದ ಅಂದಿನ ಸರಕಾರವು, ಸೊಪ್ಪಿಲ್ಲದೆ ಅಡಿಕೆ ತೋಟ ಬಾಳದೆಂಬುದನ್ನು ಕಂಡು, ಘಟ್ಟದ ಮೇಲೆ ಒಂದು ಎಕರೆ ತೋಟಕ್ಕೆ 9 ಎಕರೆಯವರೆಗೆ ಬೆಟ್ಟವನ್ನು ಬಿಟ್ಟುಕೊಟ್ಟಿತು. ಆದರೆ ಕೊಟ್ಟದ್ದು ಒಡೆತನವಲ್ಲ, ಸವಲತ್ತು ಮಾತ್ರ. ಸೊಪ್ಪು, ದರಕು, ಉರುವಲು ರೈತನಿಗೆ, ನೆಲ ಸರಕಾರಕ್ಕೆ. ಈ ಅರೆ ಒಡೆತನವೇ ಅನೇಕ ತೊಡಕುಗಳ ಬೇರೆಂದು ನಮಗೆ ತೋರುತ್ತದೆ. ತನ್ನದಲ್ಲದ ಮರವನ್ನು ಮೊಮ್ಮಗನಿಗಾಗಿ ಬೆಳೆಸುವ ಮನಸ್ಸು ಎಲ್ಲರಿಗೂ ಬರುವಂಥದಲ್ಲ.

ಇನ್ನು ಬೆಟ್ಟದ ಕೆಲಸವನ್ನು ನೋಡೋಣ. ಮತ್ತಿ, ಕಿಂದಳ, ಹೊನ್ನೆ, ನಂದಿ, ನೇರಲ ಮುಂತಾದ ಮರಗಳ ರೆಂಬೆಗಳನ್ನು ಕಡಿದು ತಂದು ಕೊಟ್ಟಿಗೆಯಲ್ಲಿ ದನಗಳ ಕಾಲಡಿಗೆ ಹಾಸುತ್ತಾರೆ. ಅದು ಸಗಣಿ, ಗಂಜಲಗಳೊಡನೆ ಕೊಳೆತು ಗೊಬ್ಬರವಾಗಿ ತೋಟಕ್ಕೆ ಹೋಗುತ್ತದೆ. ಒಂದಷ್ಟು ಸೊಪ್ಪನ್ನು ಅಡಿಕೆ ಮರಗಳ ಬುಡಕ್ಕೆ ನೇರವಾಗಿ ಮುಚ್ಚುವುದೂ ಉಂಟು.

ಒಂದು ಮರದಿಂದ ಎಷ್ಟು ಸೊಪ್ಪು ತೆಗೆಯಬಹುದು? ಇಡೀ ವಿದ್ಯೆ ಇರುವುದು ಈ ಪ್ರಶ್ನೆಯಲ್ಲಿಯೇ. ಎಲೆಯು ಮರದ ಅಡಿಗೆಮನೆಯೆಂದು ನೀವು ವಿಜ್ಞಾನದ ಪಾಠದಲ್ಲಿ ಕಲಿತಿರುವಿರಿ. ಎಲೆಗಳನ್ನೆಲ್ಲ ಒಮ್ಮೆಗೇ ಕಡಿದರೆ ಮರವು ಬೇರಿನಲ್ಲಿ ಕೂಡಿಟ್ಟ ಆಹಾರವನ್ನು ವೆಚ್ಚಮಾಡಿ ಮತ್ತೆ ಚಿಗುರುತ್ತದೆ. ಮರುವರ್ಷವೂ ಹಾಗೆಯೇ ಕಡಿದರೆ ಆ ಸಂಗ್ರಹವು ಬರಿದಾಗುತ್ತ ಬಂದು ಮರ ಸೊರಗುತ್ತದೆ. ಹೂವಿಲ್ಲ, ಕಾಯಿಲ್ಲ, ಬೀಜವಿಲ್ಲ. ಮುದಿಮರ ಬಿದ್ದ ಜಾಗದಲ್ಲಿ ಸಸಿ ಹುಟ್ಟುವುದಿಲ್ಲ. ತೆರವಾದ ನೆಲವನ್ನು ಮುಳ್ಳೂ ಯುಪಟೋರಿಯಂ ಕಳೆಯೂ ಹಿಡಿಯುತ್ತವೆ. ಬಲ್ಲವನು ಹಾಗೆ ಮಾಡುವುದಿಲ್ಲ. ಸುಳಿಯನ್ನು ಮುಟ್ಟದೆ, ತಲೆಯ ಮೇಲಿನ ರೆಂಬೆಗಳನ್ನು ಬಿಟ್ಟು, ಕೆಳಗಿನವನ್ನಷ್ಟೇ ಸವರುತ್ತಾನೆ. 9 ಎಕರೆ ಬೆಟ್ಟವಿದ್ದರೆ ಅದನ್ನು ಮೂರು ಪಾಲು ಮಾಡಿ, ವರ್ಷಕ್ಕೆ 3 ಎಕರೆಯಲ್ಲಿ ಮಾತ್ರ ಕತ್ತಿಯಾಡಿಸಿದರೆ ಪ್ರತಿಯೊಂದು ಮರಕ್ಕೂ ಎರಡು ವರ್ಷಗಳ ವಿಶ್ರಾಂತಿ ದೊರೆಯುತ್ತದೆ.

ದರಕನ್ನೂ ನೆಲ ಬೋಳಾಗುವಂತೆ ಗುಡಿಸಬಾರದು. ಶಿರಸಿಯ ಸುತ್ತ ವರ್ಷಕ್ಕೆ ಸುಮಾರು 2500 ಮಿಲಿಮೀಟರ್ ಮಳೆ ಬೀಳುತ್ತದೆ. ಮುಂಬಯಿಯ ಮಳೆಯೂ ಅದಕ್ಕಿಂತ ಬಹಳ ಕಡಿಮೆಯೇನಲ್ಲ. ಆದರೆ ಇಲ್ಲಿಯದು ಗಟಾರ ಸೇರಿ ಸಮುದ್ರಕ್ಕೆ ಹೋಗುತ್ತದೆ. ಅಲ್ಲಿಯದು ದರಕಿನ ಕೆಳಗೆ ನಿಧಾನವಾಗಿ ಇಂಗಿ ಬೇಸಗೆಯಲ್ಲಿ ತೋಟದ ಬಾವಿಗೆ ಬರಬೇಕು. ಬೆಟ್ಟ ಬೋಳಾದರೆ ಮಾರ್ಚ್ ತಿಂಗಳಲ್ಲಿ ಬಾವಿಯ ತಳ ಕಾಣುತ್ತದೆ.

ಇಷ್ಟನ್ನೆಲ್ಲ ಹಿರಿಯರು ಬಲ್ಲರು. ಹಾಗಿರುವಾಗ ಬೇರೆ ಶಿಕ್ಷಣವೇಕೆ ಎಂದರೆ, ಹಿರಿಯರು ಕಾಣದಿದ್ದ ಸಂಗತಿಗಳೂ ಬಂದಿವೆ. ಉಪ್ಪಾಗೆಯನ್ನೇ ನೋಡಿರಿ. ಹಿಂದೆ ಅಡಿಗೆಯ ಹುಳಿಗೆ ಬಳಕೆಯಾಗುತ್ತಿದ್ದ ಈ ಹಣ್ಣಿನ ಸಿಪ್ಪೆಗೆ ವಿದೇಶಗಳಿಂದ ಬೇಡಿಕೆ ಬಂದು 1990ರ ದಶಕದಲ್ಲಿ ಬೆಲೆ ಏರಿತು. ಹಣ್ಣಿಗಾಗಿ ರೆಂಬೆಗಳನ್ನೇ ಕಡಿದವರುಂಟು. ಹಣ್ಣು ಮಾಗುವುದು ಮಳೆಗಾಲದಲ್ಲಿ. ಬಿಸಿಲಿಲ್ಲದ ಕಾರಣ ಸಿಪ್ಪೆಯನ್ನು ಒಲೆಯ ಮೇಲೆ ಒಣಗಿಸಬೇಕು, ಅದಕ್ಕೆ ಮತ್ತಷ್ಟು ಸೌದೆ ಬೇಕು. ಕಡಿಮೆ ಸೌದೆಯ ಒಲೆಯನ್ನು ಕಟ್ಟುವುದು, ಕಸಿ ಮಾಡಿದ ಗಿಡವನ್ನು ನೆಡುವುದು, ಇವೆಲ್ಲ ಹೊಸ ಪಾಠಗಳು. ಉಪ್ಪಾಗೆಯಲ್ಲಿ ಗಂಡು ಮರ, ಹೆಣ್ಣು ಮರ ಬೇರೆಬೇರೆ. ಬೀಜದ ಸಸಿ ಯಾವುದೆಂದು ತಿಳಿಯಲು ಹಲವು ವರ್ಷ ಕಾಯಬೇಕಾದುದರಿಂದ ಕಸಿಯ ಉಪಯೋಗ ದೊಡ್ಡದು.

ಕಲಿಯುವ ಸ್ಥಳಗಳು ಇಲ್ಲದೆ ಇಲ್ಲ. ಶಿರಸಿಯಲ್ಲಿ ಧಾರವಾಡದ ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿದ ಅರಣ್ಯ ಮಹಾವಿದ್ಯಾಲಯವಿದೆ. ರೈತರಿಗೆ ತರಬೇತಿ ಕೊಡುವ ಕೃಷಿ ವಿಜ್ಞಾನ ಕೇಂದ್ರವೂ ಅಲ್ಲಿದೆ. ಕೊಡಗಿನ ಕಾಫಿ ಬೆಳೆಗಾರರಿಗೆ ಪೊನ್ನಂಪೇಟೆಯಲ್ಲಿ ಇಂಥದೇ ಮಹಾವಿದ್ಯಾಲಯವಿದೆ. ಸಸಿಗಳು ಅರಣ್ಯ ಇಲಾಖೆಯ ಸಸ್ಯಕ್ಷೇತ್ರಗಳಲ್ಲಿ ದೊರೆಯುತ್ತವೆ.

ಕಟ್ಟಡವಿಲ್ಲದ ಶಾಲೆಗಳೂ ಉಂಟು. ಕುಮಟೆಯ ಬಳಿಯ ಹಳಕಾರ ಗ್ರಾಮದವರು 1924ರಲ್ಲಿ ಅರಣ್ಯ ಪಂಚಾಯತಿಯನ್ನು ಕಟ್ಟಿ, ತಾವೇ ಕಾವಲುಗಾರನನ್ನಿಟ್ಟು ಊರ ಕಾಡನ್ನು ಕಾಯ್ದರು. 1983ರ ಸೆಪ್ಟೆಂಬರದಲ್ಲಿ ಶಿರಸಿ ತಾಲೂಕಿನ ಸಾಲ್ಕಣಿಯ ಜನರು ಕೊಡಲಿಗೆ ಅಡ್ಡವಾಗಿ ಮರಗಳನ್ನು ಅಪ್ಪಿಕೊಂಡರು. ಅಪ್ಪಿಕೋ ಚಳವಳಿಯು ಅಲ್ಲಿಂದ ಮೊದಲಾಯಿತು. ತರಬೇತಿಯ ಕೋಣೆಯಲ್ಲಿ ಚಿತ್ರ ತೋರಿಸುವುದಕ್ಕಿಂತ ರೈತನನ್ನು ಇಂಥ ಊರಿಗೆ ಒಂದು ದಿನ ಕರೆದೊಯ್ಯುವುದೇ ಲೇಸೆಂದು ನಮ್ಮ ಅಭಿಪ್ರಾಯ. ಹಾಗೆ ಕರೆಯುವಾಗ ಖಾತೆಯಲ್ಲಿ ಹೆಸರಿರುವ ಯಜಮಾನನನ್ನು ಮಾತ್ರ ಕರೆದರೆ ಸಾಲದು. ದರಕು ಗುಡಿಸುವವರಲ್ಲಿ, ಸೌದೆ ಆಯುವವರಲ್ಲಿ ಹೆಂಗಸರೇ ಹೆಚ್ಚು. ಯಾವ ಮರ ಈ ವರ್ಷ ಚಿಗುರಲಿಲ್ಲವೆಂಬುದು ಮೊದಲು ತಿಳಿಯುವುದು ಅವರಿಗೆ.

ಬೇಸಗೆಯ ರಜೆಯಲ್ಲಿ ಊರಿಗೆ ಹೋಗುವವರು ಒಂದು ನೋಟುಪುಸ್ತಕವನ್ನೂ ಅಳತೆಯ ಟೇಪನ್ನೂ ಒಯ್ಯಿರಿ. ಬೆಟ್ಟದಲ್ಲಿ ಉದ್ದಗಲ ಹತ್ತು ಹತ್ತು ಮೀಟರಿನ ಒಂದು ಚೌಕವನ್ನು ಗುರುತಿಸಿ, ಅದರೊಳಗಿನ ಮರಗಳ ಹೆಸರುಗಳನ್ನು ಅಜ್ಜಿಯಿಂದ ಕೇಳಿ ಬರೆದುಕೊಳ್ಳಿರಿ. ಎದೆಮಟ್ಟದಲ್ಲಿ ಒಂದೊಂದರ ಸುತ್ತಳತೆಯನ್ನೂ ಬರೆಯಿರಿ. ಮೊಣಕಾಲೆತ್ತರದ ಸಸಿಗಳನ್ನು ಬೇರೆಯಾಗಿ ಎಣಿಸಿರಿ. ಮುಂದಿನ ಬೇಸಗೆಯಲ್ಲಿ ಅದೇ ಚೌಕವನ್ನು ಮತ್ತೆ ಅಳೆಯಬೇಕಾದ್ದರಿಂದ ನಾಲ್ಕು ಮೂಲೆಗಳಲ್ಲಿಯೂ ಕಲ್ಲು ನೆಟ್ಟು ಬರುವುದನ್ನು ಮರೆಯಬೇಡಿರಿ.