ಒಂದು ಧಾಟಿ, ಮೂರು ಬಳಕೆ: ಜಾನಪದ ಸ್ತುತಿಗೀತೆಯ ಪಾಠ

ತರಗತಿ: 9 | ವಿಷಯ: ಕಲಾ ಶಿಕ್ಷಣ (ಸಂಗೀತ) | ಅವಧಿ: 40 ನಿಮಿಷ

ಆಯ್ಕೆಯ ಕಾರಣ

1960ರ ದಶಕದಲ್ಲಿ ಪಶ್ಚಿಮದ ಅನೇಕ ಚರ್ಚುಗಳಲ್ಲಿ ಆರ್ಗನ್ ಇದ್ದಲ್ಲಿಗೆ ಗಿಟಾರ್ ಬಂತು; ಜಾನಪದ ಧಾಟಿಗಳಲ್ಲಿ ಹೊಸ ಸ್ತುತಿಗೀತೆಗಳು ಹುಟ್ಟಿದವು. ಅವುಗಳಲ್ಲಿ ಒಂದಾದ ‘ಲಾರ್ಡ್ ಆಫ್ ದ ಡಾನ್ಸ್’ ಗೀತೆಯನ್ನು ನನ್ನ ಬೋಧನಾಭ್ಯಾಸಕ್ಕೆ ಆರಿಸಿಕೊಂಡೆ. ಆರಾಧನೆಯ ಹಾಡನ್ನು ಎಲ್ಲ ಧರ್ಮದ ಮಕ್ಕಳಿರುವ ತರಗತಿಗೆ ಒಯ್ಯುವ ಮುನ್ನ ಒಂದು ಪ್ರಶ್ನೆಗೆ ಉತ್ತರ ಬೇಕಿತ್ತು: ನಾವು ಕಲಿಸುವುದು ಹಾಡಿನ ಬಗ್ಗೆಯೋ, ಹಾಡಿನ ನಂಬಿಕೆಯನ್ನೋ?

ಕಲಿಕಾಂಶ

ಕಪ್ಪುಹಲಗೆಯ ಮೇಲೆ ಮೂರು ಇಸವಿಗಳನ್ನು ಬರೆದೆ.

1848: ಅಮೆರಿಕದ ಮೇನ್ ಪ್ರಾಂತ್ಯದಲ್ಲಿ ಶೇಕರ್ ಪಂಥದ ಹಿರಿಯ ಜೋಸೆಫ್ ಬ್ರಾಕೆಟ್ ‘ಸಿಂಪಲ್ ಗಿಫ್ಟ್ಸ್’ ರಚಿಸಿದರು. ಶೇಕರರು ಕುಣಿಯುತ್ತಲೇ ಪ್ರಾರ್ಥಿಸುತ್ತಿದ್ದವರು. ಇದೂ ಕುಣಿತದ ಹಾಡೇ.

1944: ಆರನ್ ಕೋಪ್ಲೆಂಡ್ ಇದೇ ಧಾಟಿಯನ್ನು ‘ಅಪಲಾಚಿಯನ್ ಸ್ಪ್ರಿಂಗ್’ ನೃತ್ಯರೂಪಕದ ವಾದ್ಯಸಂಗೀತಕ್ಕೆ ತಂದರು. ಇಲ್ಲಿ ಮಾತಿಲ್ಲ, ಧಾಟಿ ಮಾತ್ರ.

1963: ಇಂಗ್ಲೆಂಡಿನ ಸಿಡ್ನಿ ಕಾರ್ಟರ್ ಅದನ್ನು ಅಳವಡಿಸಿಕೊಂಡು ಹೊಸ ಸಾಹಿತ್ಯ ಬರೆದರು. ಯೇಸು ತನ್ನ ಬದುಕನ್ನು ತಾನೇ ನರ್ತಕನಾಗಿ ಹೇಳಿಕೊಳ್ಳುವ ಹಾಡು ಅದು. ತಮ್ಮ ಬಳಿಯಿದ್ದ ನಟರಾಜನ ವಿಗ್ರಹವೂ ಇದಕ್ಕೆ ಪ್ರೇರಣೆ ಎಂದು ಕಾರ್ಟರ್ ಹೇಳಿದ್ದರು. ಚರ್ಚುಗಳು ಇದನ್ನು ಒಪ್ಪಲಾರವೆಂದೇ ಅವರು ಎಣಿಸಿದ್ದರು. ಆದರೆ ಅದು ಬ್ರಿಟನ್ನಿನ ಶಾಲಾ ಪ್ರಾರ್ಥನೆಗಳಲ್ಲಿ ಮನೆಮಾತಾಯಿತು.

ಬೋಧನಾ ಕ್ರಮ

ಮೊದಲು ಧಾಟಿಯನ್ನು ಹಾರ್ಮೋನಿಯಂನಲ್ಲಿ ನುಡಿಸಿದೆ. ಮಕ್ಕಳು ಚಪ್ಪಾಳೆಯಲ್ಲಿ ನಾಲ್ಕೆಣಿಕೆಯ ತಾಳ ಹಿಡಿದರು. ಹಾಡಿನ ಹಿನ್ನೆಲೆ ಹೇಳಿದಾಗ ಹಿಂದಿನ ಬೆಂಚಿನಿಂದ ಒಬ್ಬ ಕೇಳಿದ: “ಮಿಸ್, ಇದು ಚರ್ಚ್ ಹಾಡಲ್ವಾ? ನಾವೂ ಹಾಡ್ಲೇಬೇಕಾ?”

“ಬೇಡಪ್ಪ. ಧಾಟಿ ಕೇಳು, ತಾಳ ಹಾಕು, ಅರ್ಥ ತಿಳ್ಕೋ. ಪದ ಹಾಡೋದು ಬಿಡೋದು ನಿನ್ನಿಷ್ಟ” ಎಂದೆ. ಅನುಮತಿಯಿಲ್ಲದೆ ಯಾರನ್ನೂ ಶಾಲೆಯ ಧಾರ್ಮಿಕ ಬೋಧನೆಗೆ, ಆರಾಧನೆಗೆ ಒಳಪಡಿಸಬಾರದೆಂದು ಸಂವಿಧಾನದ 28ನೇ ವಿಧಿ ಹೇಳುತ್ತದೆ. ನನ್ನ ಉತ್ತರಕ್ಕೆ ಆಧಾರ ಅದೇ. ಹಾಗೆಂದು ಯೇಸುವಿನ ಹೆಸರನ್ನು ಮರೆಮಾಚಲಿಲ್ಲ. ನಂಬುವವರಿಗೆ ಇದು ಪ್ರಾರ್ಥನೆ. ಅದನ್ನು ಬರೀ ‘ಕುಣಿತದ ಹಾಡು’ ಎಂದರೆ ತರಗತಿಯಲ್ಲಿದ್ದ ಕ್ರೈಸ್ತ ಮಕ್ಕಳಿಗೆ ಅನ್ಯಾಯವಾಗುತ್ತಿತ್ತು.

ನಮ್ಮಲ್ಲೂ ಹೀಗಿದೆಯೇ ಎಂದು ಕೇಳಿದೆ. ಊರಿನ ಕೋಲಾಟದ ಪದ ಮತ್ತು ಸ್ವಚ್ಛತಾ ಜಾಥಾದ ಹಾಡು ಎರಡರ ಧಾಟಿಯೂ ಒಂದೇ ಎಂದು ಹುಡುಗಿಯೊಬ್ಬಳು ಎರಡನ್ನೂ ಹಾಡಿ ತೋರಿಸಿದಳು. ಪಾಠದ ತಿರುಳು ಅಲ್ಲಿ ಎಲ್ಲರಿಗೂ ಹೊಳೆಯಿತು. ಫರ್ಡಿನಂಡ್ ಕಿಟೆಲ್ 1862ರಲ್ಲಿ ‘ಕಥಾಮಾಲೆ’ಯಲ್ಲಿ ಕ್ರಿಸ್ತನ ಕಥೆಯನ್ನು ಇಲ್ಲಿನ ಪದ್ಯರೂಪಕ್ಕೆ ತಂದದ್ದನ್ನೂ ಅದಕ್ಕೇ ಸೇರಿಸಿದೆ.

ಮೌಲ್ಯಮಾಪನ

1. ಧಾಟಿ ಅದೇ ಇದ್ದು ಸಾಹಿತ್ಯ ಬದಲಾದರೆ ಹಾಡಿನಲ್ಲಿ ಏನೇನು ಬದಲಾಗುತ್ತದೆ?
2. ಮನೆಯಲ್ಲಿ ಅಜ್ಜಿಯನ್ನೋ ಅಮ್ಮನನ್ನೋ ಕೇಳಿ, ಒಂದೇ ಧಾಟಿಯ ಎರಡು ಹಾಡುಗಳನ್ನು ಗುರುತಿಸಿ.

ಸಹಪ್ರಶಿಕ್ಷಣಾರ್ಥಿಗಳಿಗೆ

ಭಜನೆ, ಸೂಫಿ ಗೀತೆ, ಸ್ತುತಿಗೀತೆ ಯಾವುದೇ ಇರಲಿ, ಪಾಠಯೋಜನೆಯಲ್ಲೇ ಎರಡು ಸಾಲು ಬರೆದಿಟ್ಟುಕೊಳ್ಳಿ: ಎಲ್ಲರೂ ಮಾಡಬೇಕಾದದ್ದು ಯಾವುದು, ಇಷ್ಟವಿದ್ದವರು ಮಾಡುವುದು ಯಾವುದು. ಈ ಗೆರೆ ಸ್ಪಷ್ಟವಿದ್ದರೆ ಮಕ್ಕಳು ಅಂಜದೆ ಕೇಳುತ್ತಾರೆ. ಕೇಳುವುದರಿಂದಲೇ ಸಂಗೀತದ ಕಲಿಕೆ ಶುರುವಾಗುತ್ತದೆ.