ಎತ್ತಿಗೂ ಸೋಮವಾರ ಬಿಡುವುಂಟು: ಮನೆಯೇ ಆಫೀಸಾದಾಗ ಹೃದಯದ ಕಾಳಜಿ



ಈ ವಾರದ ವಿಷಯ ಕೊಲೆಸ್ಟ್ರಾಲ್ ಅಲ್ಲ, ಎಣ್ಣೆಯೂ ಅಲ್ಲ. ನಮ್ಮ ಊಟದ ಟೇಬಲ್ ಮೇಲೆ ಸದಾ ತೆರೆದೇ ಇರುವ ಲ್ಯಾಪ್‌ಟಾಪ್.

2020ರ ಮಾರ್ಚ್ ತಿಂಗಳ ಲಾಕ್‌ಡೌನ್‌ನಲ್ಲಿ ಶುರುವಾದ ವರ್ಕ್ ಫ್ರಮ್ ಹೋಮ್ ಹಲವರ ಪಾಲಿಗೆ ಇಂದಿಗೂ ಮುಗಿದಿಲ್ಲ. ಗುಜರಾತಿನಲ್ಲಿರುವ ನಮ್ಮ ಎಷ್ಟೋ ಮನೆಗಳಲ್ಲಿ ಒಬ್ಬರು ಇಲ್ಲಿಯ ಕಾರ್ಖಾನೆಗೆ ಹೋದರೆ, ಇನ್ನೊಬ್ಬರು ಬೆಂಗಳೂರಿನ ಕಂಪನಿಯ ಕೆಲಸವನ್ನು ಮನೆಯಿಂದಲೇ ಮಾಡುತ್ತಾರೆ. ಆಲ್ಕಾಪುರಿಯ ನನ್ನ ಕ್ಲಿನಿಕ್‌ಗೆ ಬರುವ ಇಂಥವರು, ಅದರಲ್ಲೂ ಮೂವತ್ತು-ನಲವತ್ತರ ವಯಸ್ಸಿನವರು, ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಡಾಕ್ಟ್ರೇ, ಟ್ರಾಫಿಕ್ ಇಲ್ಲ, ಓಡಾಟ ಇಲ್ಲ, ಮನೇಲೇ ಆರಾಮಾಗಿರ್ತೀನಿ. ಆದ್ರೂ ಬಿಪಿ ಯಾಕೆ ಬಂತು?"

ಇದಕ್ಕೆ ಉತ್ತರ ಹುಡುಕೋಣ.

*ಮನೆಯಲ್ಲಿ ದುಡಿಯುವುದು ನಮಗೆ ಹೊಸದಲ್ಲ*

ಇಳಕಲ್ಲಿನ ನೇಕಾರರ ಮನೆಗಳಲ್ಲಿ ಮಗ್ಗ ಮನೆಯೊಳಗೇ ಇರುತ್ತದೆ. ಆದರೆ ಗುಂಡಿ ಮಗ್ಗದಲ್ಲಿ ಕೂತವರು ಕಾಲನ್ನು ಗುಂಡಿಯಿಂದ ಎತ್ತಿ ಮೇಲೆ ಬಂದರೆಂದರೆ ಕೆಲಸ ನಿಂತಿತು. ಮಗ್ಗ ಅವರ ಹಿಂದೆ ಅಡುಗೆಮನೆಗೆ ಬರುವುದಿಲ್ಲ, ಹಾಸಿಗೆಗಂತೂ ಬರುವುದೇ ಇಲ್ಲ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಸೋಮವಾರ ಬಸವಣ್ಣನ ದಿನವೆಂದು ಎತ್ತುಗಳಿಗೆ ನೊಗ ಹೂಡದ ಪದ್ಧತಿ ಇದೆ. ಬಿತ್ತನೆಯ ಅವಸರ ಎಷ್ಟೇ ಇರಲಿ, ಎತ್ತಿಗೆ ಆ ದಿನ ಬಿಡುವು.

ಅಂದರೆ ಮನೆಯಲ್ಲಿ ಕೆಲಸ ಮಾಡುವುದೇ ತೊಂದರೆ ಅಲ್ಲ. ಆ ಕೆಲಸಕ್ಕೆ ಒಂದು ಜಾಗ, ಒಂದು ಹೊತ್ತು, ಒಂದು ಕೊನೆ ಇಲ್ಲದಿರುವುದೇ ತೊಂದರೆ. ಮೊಬೈಲು ನಾವು ಹೋದಲ್ಲೆಲ್ಲ ಬರುವ ಮಗ್ಗ.

*ಹೃದಯಕ್ಕೆ ರಾತ್ರಿ ಆಗುವುದು ಯಾವಾಗ?*

ಆರೋಗ್ಯವಂತರಲ್ಲಿ ರಾತ್ರಿ ನಿದ್ದೆಯ ಹೊತ್ತಿಗೆ ಬಿಪಿ ಹಗಲಿಗಿಂತ ಶೇ. 10ರಿಂದ 20ರಷ್ಟು ಇಳಿಯುತ್ತದೆ. ಹಗಲು ಮೇಲಿನ ಸಂಖ್ಯೆ ಸರಾಸರಿ 130 ಇದ್ದರೆ ರಾತ್ರಿ ಅದು ಸುಮಾರು 104ರಿಂದ 117ರ ನಡುವೆ ಇರಬೇಕು. ಇದೇ ರಕ್ತನಾಳಗಳಿಗೆ ಸಿಗುವ ವಿಶ್ರಾಂತಿ. ರಾತ್ರಿಯೂ ಬಿಪಿ ಇಳಿಯದವರಲ್ಲಿ ಹೃದಯ, ಮೆದುಳು, ಕಿಡ್ನಿಗೆ ಅಪಾಯ ಹೆಚ್ಚು. ಜೋರು ಗೊರಕೆಯ ಕಾಯಿಲೆ, ಡಯಾಬಿಟಿಸ್, ಕಿಡ್ನಿ ತೊಂದರೆಯಿಂದಲೂ ಹೀಗಾಗುತ್ತದೆ. ನಿದ್ದೆಗೆಟ್ಟರೂ ಹೀಗಾಗಬಹುದು.

ಅಮೆರಿಕದ ಪಶ್ಚಿಮ ಕರಾವಳಿಯ ತಂಡದೊಂದಿಗೆ ಕೆಲಸ ಮಾಡುವವರನ್ನು ನೋಡಿ. ಅಲ್ಲಿ ಬೆಳಿಗ್ಗೆ 9 ಆದಾಗ ನಮ್ಮಲ್ಲಿ ಬೇಸಿಗೆಯಲ್ಲಿ ರಾತ್ರಿ 9:30, ಚಳಿಗಾಲದಲ್ಲಿ 10:30. ಅವರ ದಿನ ಆಗ ತಾನೇ ಶುರು. ನಮ್ಮ ದೇಹ ಮಾತ್ರ ಮಲಗುವ ಹೊತ್ತಿನಲ್ಲಿ ಎಚ್ಚರದ ಹಾರ್ಮೋನುಗಳಾದ ಅಡ್ರಿನಲಿನ್ ಮತ್ತು ಕಾರ್ಟಿಸೋಲ್ ಸುರಿಯುತ್ತಿರುತ್ತದೆ. ನಾಡಿ ಏರುತ್ತದೆ, ರಕ್ತನಾಳ ಬಿಗಿಯಾಗುತ್ತದೆ. ಹನ್ನೆರಡಕ್ಕೆ ಕಾಲ್ ಮುಗಿದರೂ ದೇಹ ತಕ್ಷಣ ತಣ್ಣಗಾಗುವುದಿಲ್ಲ.

*ನಿಮ್ಮ ವಾರದ ಗಂಟೆ ಎಣಿಸಿ*

ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಒಂದು ದೊಡ್ಡ ಅಧ್ಯಯನ ಪ್ರಕಟಿಸಿದವು. ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗೆ ಹೋಲಿಸಿದರೆ, 55 ಗಂಟೆ ಅಥವಾ ಹೆಚ್ಚು ದುಡಿಯುವವರಲ್ಲಿ ಪಾರ್ಶ್ವವಾಯುವಿನ ಅಪಾಯ ಸುಮಾರು ಶೇ. 35ರಷ್ಟು, ಹೃದಯದ ರಕ್ತನಾಳದ ಕಾಯಿಲೆಯಿಂದ ಸಾಯುವ ಅಪಾಯ ಶೇ. 17ರಷ್ಟು ಹೆಚ್ಚು. 2016ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಇದರಿಂದ ಅಂದಾಜು 7,45,000 ಸಾವು.

"ನಾನು ಅಷ್ಟೆಲ್ಲಾ ಮಾಡಲ್ಲ" ಎನ್ನುವ ಮೊದಲು ಲೆಕ್ಕ ಹಾಕಿ. ಬೆಳಿಗ್ಗೆ 9:30ರಿಂದ ಸಂಜೆ 6:30, ಊಟದ ಒಂದು ಗಂಟೆ ಕಳೆದರೆ 8 ಗಂಟೆ. ರಾತ್ರಿ 9:30ರಿಂದ 12ರವರೆಗಿನ ಕಾಲ್ ಎರಡೂವರೆ ಗಂಟೆ. ದಿನಕ್ಕೆ ಹತ್ತೂವರೆಯಂತೆ ಐದು ದಿನಕ್ಕೆ ಐವತ್ತೆರಡೂವರೆ. ಶನಿವಾರ "ಸುಮ್ನೆ ಒಂದ್ಸಲ ಮೇಲ್ ನೋಡ್ತೀನಿ" ಎಂದು ಕೂತು ಕಳೆದ ಎರಡೂವರೆ ಗಂಟೆ ಸೇರಿಸಿ. ಸರಿಯಾಗಿ 55!

*ಕಳೆದುಹೋದ ನಡಿಗೆ*

1953ರಲ್ಲಿ ಡಾ. ಜೆರ್ರಿ ಮಾರಿಸ್ ಮತ್ತು ಸಂಗಡಿಗರು ಲಂಡನ್ನಿನ ಡಬಲ್ ಡೆಕ್ಕರ್ ಬಸ್ ಸಿಬ್ಬಂದಿಯ ಬಗ್ಗೆ ಪ್ರಕಟಿಸಿದ ಅಧ್ಯಯನ ವೈದ್ಯಲೋಕದಲ್ಲಿ ಪ್ರಸಿದ್ಧ. ದಿನವಿಡೀ ಮೆಟ್ಟಿಲು ಹತ್ತಿ ಇಳಿಯುತ್ತಿದ್ದ ಕಂಡಕ್ಟರುಗಳಿಗಿಂತ ಕೂತೇ ಇರುತ್ತಿದ್ದ ಡ್ರೈವರುಗಳಲ್ಲಿ ಹೃದಯಾಘಾತ ಹೆಚ್ಚಿತ್ತು. ಅದೇ ಬಸ್ಸು, ಅದೇ ರಸ್ತೆ.

ನಾವು ಆಫೀಸಿಗೆ ಹೋಗುವಾಗ ಬಸ್‌ ಸ್ಟಾಪಿಗೆ ಹತ್ತು ನಿಮಿಷ ಬಿರುಸಾಗಿ ನಡೆದು, ಬರುವಾಗ ಮತ್ತೆ ಹತ್ತು ನಿಮಿಷ ನಡೆದರೆ ಐದು ದಿನಕ್ಕೆ 100 ನಿಮಿಷ. ವಾರಕ್ಕೆ ಕನಿಷ್ಠ 150 ನಿಮಿಷದ ವ್ಯಾಯಾಮ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅದರ ಮೂರನೇ ಎರಡು ಭಾಗ ನಮಗೆ ಅರಿವಿಲ್ಲದೆ ಸಿಗುತ್ತಿತ್ತು. ಈಗ ಮಂಚದಿಂದ ಕುರ್ಚಿಗೆ ಆರು ಹೆಜ್ಜೆ. ಜೊತೆಗೆ ಕೈಗೆ ಸಿಗುವ ಡಬ್ಬಿಯಲ್ಲಿ ಗಾಠಿಯಾ, ಸೇವು, ಕೋಡುಬಳೆ, ಚಕ್ಕುಲಿ. ಇವೆಲ್ಲದರ ಉಪ್ಪು ನೇರವಾಗಿ ಬಿಪಿಗೆ.

*ಪರವೂರಿನಲ್ಲಿ ಇನ್ನೊಂದು ಕಷ್ಟ*

ಊರಿನಲ್ಲಿದ್ದರೆ ಸಂಜೆ ಯಾರೋ ಬಾಗಿಲು ತಟ್ಟುತ್ತಾರೆ, ಮದುವೆ-ಮುಂಜಿಗೆ ಹೋಗಲೇಬೇಕಾಗುತ್ತದೆ. ಕೆಲಸ ತಾನಾಗಿ ನಿಲ್ಲುತ್ತದೆ. ಇಲ್ಲಿ ಪರಿಚಯದವರು ಕಡಿಮೆ. ಖಾಲಿ ಸಂಜೆಗಳನ್ನು ಆಫೀಸೇ ತುಂಬಿಬಿಡುತ್ತದೆ. ಧಾರವಾಡದಿಂದಲೋ ಮೈಸೂರಿನಿಂದಲೋ ತಿಂಗಳ ಮಟ್ಟಿಗೆ ಬಂದ ಅಪ್ಪ-ಅಮ್ಮ ಮಿಕ್ಸರ್ ಹಾಕಲೂ ಹೆದರುತ್ತಾರೆ: "ಶ್, ಅವನು ಮೀಟಿಂಗ್‌ನಾಗ ಇದ್ದಾನ."

ಹೆಣ್ಣುಮಕ್ಕಳ ಪಾಡು ಇನ್ನೂ ಹೆಚ್ಚಿನದು. "ಹೇಗೂ ಮನೇಲೇ ಇದ್ದೀಯಲ್ಲ" ಎಂಬ ಒಂದೇ ಮಾತಿನಲ್ಲಿ ಗ್ಯಾಸ್ ಸಿಲಿಂಡರು, ಮಕ್ಕಳ ಹೋಮ್‌ವರ್ಕು, ಅತ್ತೆಯವರ ಮಾತ್ರೆ ಎಲ್ಲವೂ ಅವರ ಪಾಲಿಗೆ. ಅವರಿಗೆ ಎರಡೂ ಕೆಲಸಗಳು ಒಂದೇ ಹೊತ್ತಿನಲ್ಲಿ. ಮನೆಯ ಗಂಡಸರು ಈ ಸಾಲನ್ನು ಎರಡು ಸಲ ಓದಬೇಕೆಂದು ವಿನಂತಿ.

*ಹಾಗಾದರೆ ಏನು ಮಾಡೋಣ?*

1. *ಜಾಗ ಗೊತ್ತುಮಾಡಿ.* ಬೇರೆ ಕೋಣೆ ಇಲ್ಲದಿದ್ದರೆ ಒಂದು ಮೂಲೆ ಸಾಕು. ಹಾಸಿಗೆ ಮತ್ತು ಊಟದ ಜಾಗ ಎರಡನ್ನೂ ಬಿಟ್ಟುಬಿಡಿ. ಊಟದ ಟೇಬಲ್ಲೇ ಗತಿಯಾದರೆ, ಕೆಲಸ ಮುಗಿದ ಮೇಲೆ ಲ್ಯಾಪ್‌ಟಾಪ್, ಚಾರ್ಜರ್ ಎಲ್ಲ ಚೀಲಕ್ಕೆ ಹಾಕಿ ಕಪಾಟಿನಲ್ಲಿಡಿ.

2. *ಸುಳ್ಳು ಪ್ರಯಾಣ ಮಾಡಿ.* ಕೆಲಸಕ್ಕೆ ಕೂರುವ ಮೊದಲು 15 ನಿಮಿಷ, ಎದ್ದ ಮೇಲೆ 15 ನಿಮಿಷ ಹೊರಗೆ ಬಿರುಸಾಗಿ ನಡೆಯಿರಿ. ಐದು ದಿನಕ್ಕೆ 150 ನಿಮಿಷ ಆಯಿತು. ವಡೋದರದವರಿಗೆ ಸಯಾಜಿ ಬಾಗ್ ಇದೆ. ಅದು ದೂರವಾದರೆ ಸೊಸೈಟಿಯ ಸುತ್ತಲೇ ನಡೆಯಿರಿ. ಮನೆಯವರ ಜೊತೆ ಹೋದರೆ ಇನ್ನೂ ಒಳ್ಳೆಯದು.

3. *ರಾತ್ರಿ ಕಾಲ್ ತಪ್ಪದಿದ್ದರೆ ಬೆಳಿಗ್ಗೆ ಹಿಂದಕ್ಕೆ ತಳ್ಳಿ.* ರಾತ್ರಿ ಕೊಟ್ಟ ಗಂಟೆಗಳನ್ನು ಹಗಲಲ್ಲಿ ವಾಪಸು ತೆಗೆದುಕೊಳ್ಳಿ. ಮ್ಯಾನೇಜರ್ ಹತ್ತಿರ ಸ್ಪಷ್ಟವಾಗಿ ಕೇಳಿ. ವಾರಕ್ಕೆ ಎರಡು ರಾತ್ರಿಯಾದರೂ ಕಾಲ್ ಇಲ್ಲದಂತೆ ನೋಡಿಕೊಳ್ಳಿ. ಕೆಲಸದ ವೇಳೆಯ ನಂತರ ಆಫೀಸಿನ ಕರೆಗೆ ಉತ್ತರಿಸದಿರುವ ಹಕ್ಕಿಗೆ ಫ್ರಾನ್ಸಿನಲ್ಲಿ 2017ರಿಂದ, ಆಸ್ಟ್ರೇಲಿಯಾದಲ್ಲಿ 2024ರ ಆಗಸ್ಟ್‌ನಿಂದ ಕಾನೂನಿನ ಬೆಂಬಲವಿದೆ. ನಮ್ಮಲ್ಲಿ ಸದ್ಯಕ್ಕೆ ನಾವೇ ಕೇಳಿ ಪಡೆಯಬೇಕು.

4. *ಏಳು ಗಂಟೆ ನಿದ್ದೆ.* ಕಾಲ್ ಮುಗಿದ ಮೇಲೆ ಅರ್ಧ ಗಂಟೆ ಪರದೆ ನೋಡಬೇಡಿ. ಫೋನು ಮಲಗುವ ಕೋಣೆಯ ಹೊರಗಿರಲಿ. ಊರಿನ ಹಿರಿಯರ ಕರೆ ಬರಬಹುದೆಂಬ ಚಿಂತೆ ಇದ್ದರೆ ಅವರ ನಂಬರಿಗೆ ಮಾತ್ರ ರಿಂಗ್ ಬರುವಂತೆ ಸೆಟ್ ಮಾಡಿ.

5. *ಮನೆಯಲ್ಲೇ ಬಿಪಿ ನೋಡಿ.* ತೋಳಿಗೆ ಕಟ್ಟುವ ಮೆಷಿನ್ ಇರಲಿ. ಅರ್ಧ ಗಂಟೆ ಮೊದಲಿನಿಂದ ಚಹಾ, ಕಾಫಿ ಬೇಡ. ಐದು ನಿಮಿಷ ಸುಮ್ಮನೆ ಒರಗಿ ಕೂತು, ಪಾದ ನೆಲಕ್ಕಿಟ್ಟು, ತೋಳು ಎದೆಯ ಮಟ್ಟದಲ್ಲಿರಿಸಿ, ಒಂದು ನಿಮಿಷದ ಅಂತರದಲ್ಲಿ ಎರಡು ಸಲ ನೋಡಿ. ಬೆಳಿಗ್ಗೆ-ಸಂಜೆ, ಏಳು ದಿನ ಬರೆದಿಡಿ. ಸರಾಸರಿ 135/85 ಅಥವಾ ಹೆಚ್ಚು ಬಂದರೆ ವೈದ್ಯರಿಗೆ ತೋರಿಸಿ. ಮಾತ್ರೆ ನುಂಗುತ್ತಿರುವವರು "ಈಗ ನಾರ್ಮಲ್ ಇದೆ" ಎಂದು ತಾವಾಗಿ ನಿಲ್ಲಿಸಬೇಡಿ.

6. *ವಾರಕ್ಕೊಂದು "ಸೋಮವಾರ" ಇಟ್ಟುಕೊಳ್ಳಿ.* ಅದು ಭಾನುವಾರವೇ ಇರಲಿ. ಆ ದಿನ ಲ್ಯಾಪ್‌ಟಾಪ್ ಚೀಲದಿಂದ ಹೊರಗೆ ಬರಬಾರದು. ಮಕ್ಕಳಿಗೂ ಇದು ಗೊತ್ತಿರಲಿ, ಅವರೇ ಒಳ್ಳೆಯ ಕಾವಲುಗಾರರು.

*ಇದೊಂದನ್ನು ಮಾತ್ರ ಮುಂದೂಡಬೇಡಿ*

ಎದೆಯ ಮೇಲೆ ಭಾರ ಇಟ್ಟಂತೆ ನೋವು, ಅದು ಎಡತೋಳಿಗೆ, ದವಡೆಗೆ, ಬೆನ್ನಿಗೆ ಹರಡುವುದು, ತಣ್ಣನೆಯ ಬೆವರು, ಏದುಸಿರು ಇವು ಹೃದಯಾಘಾತದ ಲಕ್ಷಣಗಳು. ಹೆಂಗಸರಲ್ಲಿ ಮತ್ತು ಸಕ್ಕರೆ ಕಾಯಿಲೆ ಇರುವವರಲ್ಲಿ ನೋವೇ ಇಲ್ಲದೆ ಬರೀ ಸುಸ್ತು, ವಾಕರಿಕೆ, ಉಬ್ಬಸ ಇರಬಹುದು. ಮನೆಯಿಂದ ಕೆಲಸ ಮಾಡುವವರು ಇಲ್ಲಿ ಹೇಳುವ ಎರಡು ಮಾತುಗಳೇ ಅಪಾಯಕಾರಿ: "ಗ್ಯಾಸ್ಟ್ರಿಕ್ ಇರ್ಬೇಕು" ಮತ್ತು "ಈ ಕಾಲ್ ಮುಗಿಸಿ ಹೋಗೋಣ". ಮುಚ್ಚಿದ ರಕ್ತನಾಳದ ಆಚೆ ಹೃದಯದ ಸ್ನಾಯು ನಿಮಿಷ ನಿಮಿಷಕ್ಕೂ ಸಾಯುತ್ತಿರುತ್ತದೆ. ಆಫೀಸಿನಲ್ಲಿದ್ದರೆ ಪಕ್ಕದವರು ನಿಮ್ಮ ಮುಖ ನೋಡಿ ಎಬ್ಬಿಸುತ್ತಿದ್ದರು. ಮನೆಯಲ್ಲಿ ಬಾಗಿಲು ಹಾಕಿ ಕೂತವರನ್ನು ನೋಡುವವರಿಲ್ಲ. ಆದ್ದರಿಂದ ಮೀಟಿಂಗ್ ಇದ್ದಾಗ ಬಾಗಿಲಿಗೆ ಚಿಲಕ ಹಾಕಬೇಡಿ. ಲಕ್ಷಣ ಕಂಡ ಕೂಡಲೇ 108ಕ್ಕೆ ಕರೆ ಮಾಡಿ. ಸ್ವತಃ ಗಾಡಿ ಓಡಿಸಿಕೊಂಡು ಹೋಗಬೇಡಿ.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಮನೆಯಲ್ಲಿ ಆರಾಮಾಗಿದ್ದರೂ ಬಿಪಿ ಯಾಕೆ ಬಂತು? ವಂಶ, ತೂಕ, ಉಪ್ಪು ಹೀಗೆ ಕಾರಣ ಹಲವಿರಬಹುದು. ಆದರೆ ನಿಮ್ಮ ದೇಹ ಮನೆಯಲ್ಲಿದ್ದರೂ ಹೃದಯ ಆಫೀಸಿನಿಂದ ಹೊರಗೆ ಬಂದಿರಲಿಲ್ಲ ಎನ್ನುವುದೂ ಅವುಗಳಲ್ಲಿ ಒಂದು. ಇವತ್ತು ಸಂಜೆ ಅದನ್ನು ಮನೆಗೆ ಕರೆದುಕೊಂಡು ಬನ್ನಿ.

ಇದು ಸಾಮಾನ್ಯ ತಿಳಿವಳಿಕೆಗಾಗಿ. ನಿಮ್ಮ ಔಷಧ, ವ್ಯಾಯಾಮದ ಬಗ್ಗೆ ನಿಮ್ಮ ವೈದ್ಯರ ಮಾತೇ ಕೊನೆ. ರಾತ್ರಿ ಪಾಳಿ ಮಾಡುವ ಮಕ್ಕಳಿರುವ ಮನೆಗಳಿಗೆ ತಪ್ಪದೆ ಕಳಿಸಿ.

– ಹೃದ್ರೋಗ ತಜ್ಞರು, ಎಂ.ಡಿ., ಆಲ್ಕಾಪುರಿ, ವಡೋದರ