ಡ್ರಿಲ್ ಪಕ್ಕಕ್ಕಿಡು, ಮೊದಲು ಬಾಟಲಿ ಅಳೆ

ಮರಿ, ಆ ಡ್ರಿಲ್ ಮೆಷಿನ್ ಒಂಚೂರು ಪಕ್ಕಕ್ಕಿಡು. ಮನೆಯ ಹಳೇ ಮಾರುತಿ 800 ನಿನ್ನ ಪಾಲಿಗೆ ಬಂತು, ಸಂತೋಷ. ಅದರಲ್ಲಿ ಲೋಟ ಇಡೋಕೆ ಒಂದು ಜಾಗ ಇಲ್ಲ ಅಂತ ನಿನ್ನ ಕಣ್ಣಿಗೆ ಬಿದ್ದದ್ದೂ ಸಂತೋಷವೇ. ಅಂಗಡಿಯಿಂದ ತಂದು ತಗಲಿಸದೆ ಕೈಯಾರೆ ಮಾಡ್ತೀನಿ ಅಂತ ಹೊರಟಿದ್ದೀಯಲ್ಲ, ಅದಕ್ಕೆ ಬೆನ್ನು ತಟ್ಟುತ್ತೇನೆ. ನಿನಗೆ ಕೈಚಳಕ ಇದೆ. ಆದರೆ ನಿನ್ನ ಅವಸರ ಅದಕ್ಕಿಂತ ಎರಡು ಹೆಜ್ಜೆ ಮುಂದೆ ಓಡುತ್ತದೆ. ಹೋಲ್ಡರ್ ಹೇಗಿರಬೇಕು ಅಂತ ಯೋಚಿಸುವ ಮೊದಲೇ ತೂತು ಎಲ್ಲಿ ಕೊರೆಯಲಿ ಅಂತ ಜಾಗ ಹುಡುಕುತ್ತಿದ್ದೀಯ. ಕೂತುಕೋ, ನಾಲ್ಕು ಮಾತು ಕೇಳು.

ನಿನ್ನ ಆಸೆ ತಪ್ಪಲ್ಲ ಅಂತ ಮೊದಲೇ ಹೇಳಿಬಿಡುತ್ತೇನೆ. 1983ರ ಡಿಸೆಂಬರ್ 14ರಂದು ಗುರುಗ್ರಾಮದಲ್ಲಿ ಮೊದಲ ಮಾರುತಿ 800ರ ಕೀಲಿ ಒಬ್ಬರ ಕೈಗೆ ಬಂದಾಗ, ಅದರಲ್ಲಿ ಕಾಫಿ ಎಲ್ಲಿ ಇಡೋದು ಅಂತ ಕೇಳಿದವರು ಯಾರೂ ಇದ್ದಿರಲಾರರು. ನಮಗೆ ಕಾಫಿ ಅಂದರೆ ಕಾರು ನಿಲ್ಲಿಸೋದು, ಇಳಿಯೋದು, ಸೊಂಟ ನೆಟ್ಟಗೆ ಮಾಡಿಕೊಳ್ಳೋದು, ಹೋಟೆಲಿನ ಮುಂದೆ ನಿಂತು ಬೈಟು ಕುಡಿಯೋದು. ಬೆಂಗಳೂರಿಂದ ಮೈಸೂರಿಗೆ ಹೋಗುವಾಗ ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ ಎಲ್ಲವೂ ದಾರಿಯಲ್ಲೇ ಸಿಗುತ್ತಿದ್ದವು. ಬಾಯಾರಿಕೆ ಆಗುವಷ್ಟರಲ್ಲಿ ಒಂದು ಊರು ಬರುತ್ತಿತ್ತು. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಎಕ್ಸ್‌ಪ್ರೆಸ್‌ವೇ ಈ ಊರುಗಳನ್ನೆಲ್ಲ ಪಕ್ಕಕ್ಕೆ ಬಿಟ್ಟು ಹೋಗುತ್ತದೆ. ಹಾಗಾಗಿ ನೀರು, ಮಜ್ಜಿಗೆ ಮನೆಯಿಂದಲೇ ಒಯ್ಯಬೇಕು. ಒಯ್ದ ಮೇಲೆ ಅದಕ್ಕೊಂದು ನೆಲೆ ಬೇಕು. ‘ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲ’ ಅಂತ ನಾನು ರಾಗ ಎಳೆಯುವುದಿಲ್ಲ.

ಈಗ ಒಂದು ನಡೆದ ಕತೆ ಹೇಳುತ್ತೇನೆ. 1992ರ ಫೆಬ್ರುವರಿ, ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯದ ಆಲ್ಬುಕರ್ಕಿ ಊರು. 79 ವರ್ಷದ ಅಜ್ಜಿಯೊಬ್ಬರು ಮೊಮ್ಮಗನ ಫೋರ್ಡ್ ಪ್ರೋಬ್ ಕಾರಿನಲ್ಲಿ ಮುಂದಿನ ಸೀಟಲ್ಲಿ ಕೂತಿದ್ದರು. 1989ರ ಮಾಡೆಲ್, ಕಪ್ ಹೋಲ್ಡರ್ ಇರಲಿಲ್ಲ. ಮೆಕ್‌ಡೊನಾಲ್ಡ್ಸ್‌ನಲ್ಲಿ ಕಾರಿನಿಂದ ಇಳಿಯದೆಯೇ ಕಾಫಿ ಕೊಂಡರು. ಅಜ್ಜಿ ಹಾಲು ಸಕ್ಕರೆ ಬೆರೆಸಿಕೊಳ್ಳಲಿ ಅಂತ ಹುಡುಗ ಕಾರನ್ನು ಪಕ್ಕಕ್ಕೆ ನಿಲ್ಲಿಸಿದ. ಲೋಟ ಇಡಲು ಜಾಗವಿಲ್ಲದೆ ಅಜ್ಜಿ ಅದನ್ನು ಮಂಡಿಗಳ ನಡುವೆ ಸಿಕ್ಕಿಸಿಕೊಂಡು ಮುಚ್ಚಳ ಎಳೆದರು. ಇಡೀ ಲೋಟ ಮಡಿಲಿಗೆ ಬಿತ್ತು. 82ರಿಂದ 88 ಡಿಗ್ರಿ ಬಿಸಿಯ ಕಾಫಿ. ಎಂಟು ದಿನ ಆಸ್ಪತ್ರೆ, ಚರ್ಮದ ಕಸಿ. ಕೇಸು ಕೋರ್ಟಿಗೆ ಹೋಗಿ 1994ರಲ್ಲಿ ಜೂರಿ ತೀರ್ಪು ಕೊಟ್ಟಾಗ ಲೋಕವೆಲ್ಲ ಪರಿಹಾರದ ಮೊತ್ತದ ಬಗ್ಗೆಯೇ ಮಾತಾಡಿತು. ನನ್ನನ್ನು ಕಾಡುವುದು ಬೇರೆ. ಆ ಹುಡುಗ ಏನೂ ಅವಸರ ಮಾಡಿರಲಿಲ್ಲ. ಕಾರು ನಿಂತಿತ್ತು. ಆದರೂ ಹಾಗಾಯಿತು.

ಅದಕ್ಕೇ ಹೇಳೋದು, ನೀನು ಮಾಡುವ ಹೋಲ್ಡರ್ ಮುಚ್ಚಳ ಬಿಗಿಯಿರುವ ಬಾಟಲಿಗೆ, ಫ್ಲಾಸ್ಕಿಗೆ. ಬಾಯಿ ತೆರೆದ ಲೋಟದಲ್ಲಿ ಹಬೆಯಾಡುವ ಕಾಫಿ ಇಟ್ಟುಕೊಂಡು ಓಡಿಸೋದಕ್ಕಲ್ಲ. 60 ಡಿಗ್ರಿ ಬಿಸಿಯ ನೀರು ಐದೇ ಸೆಕೆಂಡು ಮೈಮೇಲೆ ನಿಂತರೂ ಚರ್ಮ ಆಳವಾಗಿ ಸುಡುತ್ತದೆ. ಹಿಂದೆ ಕೂತ ಮಗುವಿನ ಚರ್ಮಕ್ಕೆ ಅಷ್ಟೂ ಬೇಡ. ಒಂದು ವೇಳೆ ಚೆಲ್ಲಿಯೇಬಿಟ್ಟರೆ ಕಾರು ನಿಲ್ಲಿಸು, ನೆನೆದ ಬಟ್ಟೆ ಬಿಚ್ಚು, 20 ನಿಮಿಷ ತಣ್ಣೀರು ಹರಿಸು. ಐಸೂ ಬೇಡ, ಟೂತ್‌ಪೇಸ್ಟೂ ಬೇಡ. ಬಿಸಿ ಕಾಫಿ ಕುಡಿಯಬೇಕು ಅನಿಸಿದರೆ ಎಲ್ಲಾದರೂ ನಿಲ್ಲಿಸಿ ಕುಡಿ. ಐದು ನಿಮಿಷ ತಡವಾಗಿ ಹೋದರೆ ಮೈಸೂರೇನೂ ಮುಂದಕ್ಕೆ ಹೋಗಿಬಿಡುವುದಿಲ್ಲ.

ಹೋಲ್ಡರಿನ ನಿಜವಾದ ಉಪಯೋಗ ಯಾವುದು ಗೊತ್ತಾ? ಸೀಟಿನ ಮೇಲೆ ಎಸೆದ ನೀರಿನ ಬಾಟಲಿ ಉರುಳಿಕೊಂಡು ಬ್ರೇಕ್ ಪೆಡಲಿನ ಕೆಳಗೆ ಬಂದು ಕೂರದಂತೆ ತಡೆಯುವುದು. ಇದು ಚಿಕ್ಕ ವಿಷಯ ಅಂದುಕೊಳ್ಳಬೇಡ. ಬಾಟಲಿ ಸಿಕ್ಕಿಕೊಂಡರೆ ಪೆಡಲು ಕೆಳಗಿಳಿಯುವುದಿಲ್ಲ, ಆಗ ನಿನ್ನ ಕಾಲಿನ ಬಲ ಯಾವ ಕೆಲಸಕ್ಕೂ ಬಾರದು. ಇನ್ನು ಬಾಟಲಿ ಎಲ್ಲಿ ಹೋಯಿತು ಅಂತ ಬಗ್ಗಿ ನೋಡುವ ಚಟ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಎರಡು ಸೆಕೆಂಡು ಕೆಳಗೆ ನೋಡಿದೆ ಅಂದರೆ 33 ಮೀಟರ್ ರಸ್ತೆಯನ್ನು ಕಣ್ಣು ಮುಚ್ಚಿಕೊಂಡು ದಾಟಿದ ಹಾಗೆ. ಕೈ ಚಾಚಿದರೆ ನೋಡದೆಯೇ ಸಿಗಬೇಕು, ಕುಡಿದ ಮೇಲೆ ನೋಡದೆಯೇ ವಾಪಸು ಕೂರಬೇಕು. ಅಂಥ ಜಾಗ ಹುಡುಕು, ಚೆಂದ ಆಮೇಲೆ.

ಆ ಜಾಗ ಸಿಗೋದು ಸುಲಭವಲ್ಲ, ಒಪ್ಪುತ್ತೇನೆ. ನಿನ್ನ ಕಾರಿನ ಹೊರ ಅಗಲವೇ 1.44 ಮೀಟರ್. ಎರಡು ಸೀಟಿನ ನಡುವೆ ಗೇರು, ಹ್ಯಾಂಡ್‌ಬ್ರೇಕು ಕೂತ ಮೇಲೆ ಉಳಿಯುವುದು ಗೇಣುದ್ದ. ಎ.ಸಿ. ಗಾಳಿ ಬರುವ ಕಂಡಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಹೋಲ್ಡರ್ ನಿನ್ನ ಸ್ನೇಹಿತರ ಹೊಸ ಕಾರಿಗೆ ಸರಿ. ಈ ಕಾರಿನ ಪ್ಲಾಸ್ಟಿಕ್ ಎಷ್ಟೋ ಬೇಸಿಗೆ ಕಂಡು ಪೆಡಸಾಗಿದೆ, ಒಂದು ಲೀಟರ್ ನೀರಿನ ಭಾರಕ್ಕೆ ಪಟ್ ಅಂತ ಮುರಿದೀತು. ಕಿಟಕಿಯ ಗಾಜಿನ ಸಂದಿಗೆ ನೇತುಹಾಕುವುದು ಗಾಜು ಇಳಿಸುವ ಹಿಡಿಗೆ ಅಡ್ಡ. ಡ್ಯಾಶ್‌ಬೋರ್ಡ್ ಮೇಲೆ ಅಂತೂ ಬೇಡವೇ ಬೇಡ. ಬ್ರೇಕ್ ಹಾಕಿದರೆ ಮುಂದೆ ಗಾಜು, ತಿರುವಿನಲ್ಲಿ ಪಕ್ಕದವರ ಮಡಿಲು. ಉಳಿದದ್ದು ಎರಡು ಕಡೆ: ಗೇರಿನ ಮುಂದಿನ ನೆಲ, ಇಲ್ಲವೇ ಹ್ಯಾಂಡ್‌ಬ್ರೇಕಿನ ಹಿಂದಿನ ಭಾಗ. ಎಂಜಿನ್ ಆಫ್ ಮಾಡಿ ಕೂತು ಎಲ್ಲ ಗೇರೂ ಹಾಕಿ ನೋಡು, ರಿವರ್ಸೂ ಮರೆಯಬೇಡ. ಹ್ಯಾಂಡ್‌ಬ್ರೇಕ್ ಪೂರ್ತಿ ಎತ್ತಿ ಇಳಿಸು. ಬಾಟಲಿ ಇಟ್ಟುಕೊಂಡೇ ನೋಡು, ಖಾಲಿ ಜಾಗ ನೋಡಿ ಮೋಸ ಹೋಗಬೇಡ. ಗೆಣ್ಣು ಎಲ್ಲಾದರೂ ತಾಗಿದರೆ ಆ ಜಾಗ ಕೈಬಿಡು. ಪಕ್ಕದವರ ಮಂಡಿಗೂ ತಾಗಬಾರದು. (ಸ್ಟೀರಿಂಗ್ ಪಕ್ಕದಲ್ಲೇ ಗೇರ್ ಇರುವ ಹಳೆ ಅಂಬಾಸಿಡರ್ ಇದ್ದ ಮನೆಯವರು ಪುಣ್ಯವಂತರು. ಮುಂದಿನದು ಉದ್ದ ಸೀಟು, ನೆಲವೆಲ್ಲ ಖಾಲಿ. ಅಲ್ಲಿ ಹೋಲ್ಡರ್ ಏನು, ಬುಟ್ಟಿಯನ್ನೇ ಇಡಬಹುದು.)

ಈಗ ಆ ಡ್ರಿಲ್ಲಿನ ವಿಷಯ. ನೆಲಕ್ಕೆ ಎರಡು ಸ್ಕ್ರೂ ಹೊಡೆದರೆ ಗಟ್ಟಿಯಾಗಿ ನಿಲ್ಲುತ್ತದೆ ಅಂತ ನಿನ್ನ ಲೆಕ್ಕ. ನಿಲ್ಲುತ್ತದೆ, ಸುಳ್ಳಲ್ಲ. ಆದರೆ ಮ್ಯಾಟಿನ ಕೆಳಗೆ ಏನೇನು ಹರಿದುಹೋಗಿದೆ ಅಂತ ನೋಡಿದ್ದೀಯಾ? ಒಳಗೆ ವೈರುಗಳು. ತಗಡಿನ ಆಚೆಗೆ ಬ್ರೇಕಿನ ಪೈಪು, ಪೆಟ್ರೋಲಿನ ಪೈಪು, ಸೈಲೆನ್ಸರ್ ಪೈಪು. ನಿನ್ನ ಡ್ರಿಲ್ಲಿಗೆ ಕಣ್ಣಿಲ್ಲ. ಅದೃಷ್ಟಕ್ಕೆ ಇವ್ಯಾವುದಕ್ಕೂ ತಾಗಲಿಲ್ಲ ಅಂದುಕೋ, ಆಗಲೂ ಬಣ್ಣ ಎದ್ದು ಹಸಿ ತಗಡು ಹೊರಗೆ ಬಂತು. ಒಂದು ಮಳೆಗಾಲ ಕಳೆಯಲಿ, ತೂತಿನ ಸುತ್ತ ತುಕ್ಕು ಶುರು. ತುಕ್ಕು ಹಿಡಿದ ನೆಲಕ್ಕೆ ತಗಡು ಬೆಸೆಯಿಸಲು ನೀನು ಗ್ಯಾರೇಜಿಗೆ ಅಲೆಯುವಾಗ ಹೋಲ್ಡರ್ ನಿನ್ನ ನೆರವಿಗೆ ಬರುವುದಿಲ್ಲ. ಸೀಟಿನ ಬೋಲ್ಟು, ಬೆಲ್ಟಿನ ಬೋಲ್ಟು ಬಿಚ್ಚಿ ಅದಕ್ಕೇ ಪಟ್ಟಿ ಸಿಕ್ಕಿಸುವ ಜಾಣತನವೂ ಬೇಡ. ಅವು ನಿನ್ನ ಜೀವ ಹಿಡಿದಿಡೋದಕ್ಕೆ ಇರುವ ಬೋಲ್ಟುಗಳು, ಬಾಟಲಿ ಹಿಡಿಯೋದಕ್ಕಲ್ಲ.

ಡ್ಯಾಶ್‌ಬೋರ್ಡ್ ಕೊಯ್ಯುವ ಯೋಚನೆ ಇದ್ದರೆ ಅದನ್ನೂ ಬಿಡು. ಈ ಕಾರಿನ ತಯಾರಿಕೆ 2014ರ ಜನವರಿಯಲ್ಲೇ ನಿಂತುಹೋಗಿದೆ. ಒಳಗಿನ ಪ್ಲಾಸ್ಟಿಕ್ ಹಾಳಾದರೆ ಬೆಂಗಳೂರಿನ ಜೆ.ಸಿ. ರೋಡಿನ ಅಂಗಡಿಗಳಲ್ಲಿ, ಶಿವಾಜಿನಗರದ ಗುಜರಿಯಲ್ಲಿ ಬಿಸಿಲಲ್ಲಿ ತಿರುಗಬೇಕು, ಸಿಕ್ಕಿದರೂ ಬಣ್ಣ ಹೊಂದುವುದಿಲ್ಲ. ನೀನು ಮಾಡಿದ್ದನ್ನು ನಾಳೆ ಎತ್ತಿಟ್ಟರೆ ಕಾರು ಮೊದಲಿದ್ದ ಹಾಗೇ ಇರಬೇಕು. ನನ್ನದು ಇದೊಂದೇ ಹಟ. ಆ ಕಾರನ್ನು ಯಾರೋ ಬಿಸಿಲು ತಾಗದಂತೆ ನಿಲ್ಲಿಸಿ, ವಾರಕ್ಕೊಮ್ಮೆ ಒರೆಸಿ ನಿನ್ನ ಕೈಗೆ ಕೊಟ್ಟಿದ್ದಾರೆ. ನಿನ್ನ ಕೈ ದಾಟಿ ಅದು ಇನ್ನೊಬ್ಬರಿಗೂ ಹೋಗಲಿದೆ.

ಹಾಗಾದರೆ ನಿಲ್ಲಿಸೋದು ಹೇಗೆ? ಬಿಗಿಯಾಗಿ ಕೂರುವ ಹಾಗೆ ಮಾಡಿ. ಅದಕ್ಕೆ ಅಳತೆ ಬೇಕು, ಅಳತೆಗೆ ತಾಳ್ಮೆ ಬೇಕು, ಅದನ್ನೇ ನೀನು ಮನೆಯಲ್ಲಿ ಬಿಟ್ಟು ಬಂದಿರುತ್ತೀಯ! ಮೊದಲು ನೀನು ದಿನಾ ಒಯ್ಯುವ ಬಾಟಲಿಯ ಸುತ್ತ ದಾರ ಸುತ್ತಿ ಅಳೆ, ಬಂದದ್ದನ್ನು 3.14ರಿಂದ ಭಾಗಿಸು. ಒಂದು ಲೀಟರಿನ ಬಾಟಲಿ ಸಾಮಾನ್ಯವಾಗಿ ಎಂಟು ಸೆಂಟಿಮೀಟರಿನ ಆಸುಪಾಸು ಬರುತ್ತದೆ. ಪ್ಲಂಬಿಂಗ್ ಅಂಗಡಿಯಲ್ಲಿ 75, 90, 110 ಮಿಲಿಮೀಟರಿನ ಪಿ.ವಿ.ಸಿ. ಪೈಪು ಸಿಗುತ್ತದೆ. ಅದು ಹೊರಗಿನ ಅಳತೆ ಅನ್ನೋದು ನೆನಪಿರಲಿ. 90ರ ಪೈಪಿನ ಒಳಗಡೆ ಉಳಿಯೋದು 84ರಿಂದ 86. ಎಂಟು ಸೆಂಟಿಮೀಟರ್ ಬಾಟಲಿ ಇಳಿದು, ಸುತ್ತ ಸೈಕಲ್ ಟ್ಯೂಬಿನ ಪಟ್ಟಿ ಅಂಟಿಸಲು ಹೇಳಿ ಮಾಡಿಸಿದ ಸಂದು ಅದು. ರಬ್ಬರು ಹಿಡಿದುಕೊಂಡರೆ ಗುಂಡಿ ಬಿದ್ದ ರಸ್ತೆಯಲ್ಲೂ ಕಟಕಟ ಸದ್ದಿಲ್ಲ. ಕಾಫಿ ಲೋಟದ ಕತೆ ಬೇರೆ: ಬಾಯಿ ಅಗಲ, ತಳ ಕಿರಿದು. ಅದು ಕಂಠದಲ್ಲಿ ನೇತಾಡುತ್ತದೆ, ತಳ ಕುಣಿಯುತ್ತದೆ. ಅದರ ಆಸೆ ಬಿಡು.

ಎಲ್ಲರೂ ಎಡವುವುದು ಆಳದಲ್ಲಿ. ತೂತು ಸರಿಯಿರುತ್ತದೆ, ಆಳ ಮೂರು ಬೆರಳು. ತುಂಬಿದ ಬಾಟಲಿಯ ಭಾರವೆಲ್ಲ ಮೇಲಿರುತ್ತದೆ, ಜೋರಾಗಿ ಬ್ರೇಕ್ ಒತ್ತಿದಾಗ ಅದು ಮುಂದಕ್ಕೆ ವಾಲಿ ಹೋಲ್ಡರನ್ನೇ ಕಿತ್ತುಕೊಂಡು ಬೀಳುತ್ತದೆ. ಬಾಟಲಿಯ ಎತ್ತರದ ಮೂರನೇ ಒಂದು ಪಾಲಾದರೂ ಒಳಗಿರಲಿ, ಅರ್ಧ ಇದ್ದರೆ ಇನ್ನೂ ವಾಸಿ. 28 ಸೆಂಟಿಮೀಟರ್ ಬಾಟಲಿಗೆ ಹತ್ತಕ್ಕಿಂತ ಕಡಿಮೆ ಆಳ ಕೊಡಬೇಡ. ಪೈಪಿನ ತಳಕ್ಕೆ ಬಿಲ್ಲೆ ಕೊಯ್ದು ಅಂಟಿಸಿ, ನಡುವೆ ಒಂದು ಸಣ್ಣ ತೂತು ಬಿಡು. ಇಲ್ಲದಿದ್ದರೆ ಬಾಟಲಿಯ ಹೊರಮೈ ಬೆವರಿ ಸುರಿದ ನೀರು ಅಲ್ಲೇ ನಿಂತು ನಾರುತ್ತದೆ. ಮಜ್ಜಿಗೆ ಚೆಲ್ಲಿದರಂತೂ ಕೇಳಬೇಡ. ತೂತಿನ ಕೆಳಗೆ ಹಳೇ ಟವೆಲ್ಲಿನ ತುಂಡು ಇಡು, ವಾರಕ್ಕೊಮ್ಮೆ ತೆಗೆದು ಒಗೆ.

ಈ ಪೈಪನ್ನು ಹಿಡಿದು ನಿಲ್ಲಿಸಲು ಮರದ ಚೌಕಟ್ಟು ಬೇಕು. ಆ ಮರದ ಕೆಲಸಕ್ಕೆ ಇಳಿಯುವ ಮೊದಲು ರಟ್ಟಿನಲ್ಲಿ ಮಾಡು. ನೆಲ ಸಮ ಇಲ್ಲ, ನಡುವೆ ಉಬ್ಬಿದೆ. ಆ ಉಬ್ಬಿನ ಆಕಾರಕ್ಕೆ ರಟ್ಟು ಕತ್ತರಿಸು, ಇಟ್ಟು ನೋಡು, ಮತ್ತೆ ಕತ್ತರಿಸು. ಅಡ್ಡಗಲಕ್ಕೆ ಎರಡೂ ಸೀಟಿನ ಬದಿಗೆ ಮೆತ್ತಗೆ ಒತ್ತಿಕೊಂಡು ನಿಂತರೆ ಅರ್ಧ ಕೆಲಸ ಮುಗಿಯಿತು. ಸೀಟು ಹಿಂದೆ ಮುಂದೆ ಜರುಗಿಸಿದಾಗ ಸಿಕ್ಕಿಕೊಳ್ಳುತ್ತದೆಯೇ ಅಂತಲೂ ನೋಡು. ಆ ರಟ್ಟಿನ ಹೋಲ್ಡರಿನಲ್ಲೇ ಒಂದಷ್ಟು ದಿನ ಓಡಾಡು. ಬಾಟಲಿಗೆ ಬರೀ ನೀರು. ಹಂಪಿನ ಮೇಲೆ ಹತ್ತಿಸು, ಖಾಲಿ ರಸ್ತೆಯಲ್ಲಿ ಒಮ್ಮೆ ಗಟ್ಟಿಯಾಗಿ ಬ್ರೇಕ್ ಒತ್ತಿ ನೋಡು. ರಟ್ಟು ಹರಿದರೆ ಇನ್ನೊಂದು ರಟ್ಟು, ನಷ್ಟ ಏನು? ಎಲ್ಲಿ ತಾಗುತ್ತದೆ, ಎಲ್ಲಿ ಕೈಗೆ ಎಟುಕುವುದಿಲ್ಲ ಅನ್ನೋದೆಲ್ಲ ಅದು ನಿನಗೆ ಹೇಳಿಕೊಡುತ್ತದೆ. ಮನಸ್ಸಿಗೆ ಬಂದ ಜಾಗ ಬೇರೆ, ಮೈಗೆ ಒಗ್ಗುವ ಜಾಗ ಬೇರೆ.

ಆಮೇಲೆ 12 ಮಿಲಿಮೀಟರ್ ಪ್ಲೈವುಡ್. ಪೈಪು ಕೂರುವಂತೆ ದುಂಡಗೆ ತೂತು ತೆಗೆಯುವುದು ನಿನ್ನ ಕೈಯಲ್ಲಾಗದಿದ್ದರೆ ಬೀದಿ ಕೊನೆಯ ಆಚಾರಿಯ ಹತ್ತಿರ ಹೋಗು. ಹೋಲ್ ಸಾ ಇರುತ್ತದೆ, ಚಿಟಿಕೆ ಹೊಡೆಯುವಷ್ಟರಲ್ಲಿ ಮುಗಿಸಿಕೊಡುತ್ತಾರೆ. ಪಕ್ಕದಲ್ಲಿ ನಿಂತು ಅವರು ಹಲಗೆ ಹಿಡಿಯುವ ರೀತಿ ನೋಡಿಕೋ, ಕೇಳಿದಷ್ಟು ಕೂಲಿ ಚೌಕಾಸಿ ಮಾಡದೆ ಕೊಡು. ಹಾಗೆ ಕಲಿತ ಕೈಕೆಲಸ ಕೊನೆತನಕ ಉಳಿಯುತ್ತದೆ. ಅಂಚುಗಳನ್ನೆಲ್ಲ ಉಪ್ಪುಕಾಗದ ಹಾಕಿ ದುಂಡಗೆ ತೀಡು, ಮೂಲೆ ಚೂಪಾಗಿ ಉಳಿಯಬಾರದು. ಅಪಘಾತದಲ್ಲಿ ಮಂಡಿ ಮೊದಲು ಹೋಗಿ ಬಡಿಯೋದು ಅಲ್ಲಿಗೇ. ನೀರು ತಡೆಯುವ ಅಂಟೇ ಬಳಸು, ಮೇಲೆ ವಾರ್ನಿಶ್ ಎಳೆ. ಬಿಸಿ ಅಂಟಿನ ಗನ್ ಬೇಡ. ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ 70 ಡಿಗ್ರಿ ಮುಟ್ಟುವುದೂ ಉಂಟು, ಆ ಕಾವಿಗೆ ಅಂಟು ಮೆತ್ತಗಾಗಿ ಕೈಬಿಡುತ್ತದೆ. ಎರಡು ಬದಿ ಅಂಟುವ ಟೇಪೂ ಅಷ್ಟೇ. ತಳಕ್ಕೆ ವೆಲ್ಕ್ರೋ ಪಟ್ಟಿ ಹೊಲಿಸಿದ ರೆಕ್ಸಿನ್ ಹಾಕು. ಸೀಟ್ ಕವರ್ ಅಂಗಡಿಯವರ ಹತ್ತಿರ ನಿನ್ನ ಸೀಟಿನ ಬಣ್ಣದ್ದೇ ತುಂಡು ಉಳಿದಿರುತ್ತದೆ, ಕೇಳಿದರೆ ಕೊಡುತ್ತಾರೆ.

ಇನ್ನೊಂದು ಹೇಳುವುದಿದೆ. ನಿನ್ನ ನಕ್ಷೆಯಲ್ಲಿ ಒಂದೇ ತೂತು ಬರೆದಿದ್ದೀಯ, ಅದೂ ನಿನ್ನ ಕಡೆಗೆ. ಜಾಗ ಸಿಕ್ಕಿದರೆ ಎರಡು ಮಾಡು. ಊರಿಗೆ ಹೋಗುವಾಗ ಪಕ್ಕದಲ್ಲಿ ಅಮ್ಮನೋ ಅಜ್ಜಿಯೋ ಕೂರುತ್ತಾರೆ, ಅವರ ನೀರಿನ ಬಾಟಲಿ ಇವತ್ತಿಗೂ ಕಾಲ ಸಂದಿಯಲ್ಲೇ ಇರುತ್ತದೆ. ಅವರ ಬಾಟಲಿಯ ಅಳತೆ ಬೇರೆ ಇದ್ದೀತು, ಅದನ್ನೂ ದಾರ ಸುತ್ತಿ ನೋಡು. ಹಲಗೆ ತರುವಾಗ ಅರ್ಧ ಅಡಿ ಹೆಚ್ಚಿಗೇ ತಾ. ಮೊದಲ ತುಂಡು ಕೈ ಪಳಗಿಸಿಕೊಳ್ಳೋದಕ್ಕೆ, ಎರಡನೆಯದು ಕಾರಿಗೆ.